ಎಡಗಿಸೆಯ ಸುಣ್ಣ, ಬಲಗಿಸೆಯ ವಿಭೂತಿ

ಡೆಪ್ಯುಟಿ ಸಾಹೇಬರು ಶಾಲೆಯ ತಪಾಸಣೆಗೆ ಬಂದು ಕುರ್ಚಿಯಲ್ಲಿ ಕುಳಿತು ಕಾಲ ಮೇಲೆ ಕಾಲು ಹಾಕುವಷ್ಟರಲ್ಲಿ ಅಡಿವೆಯ್ಯ ಮಾಸ್ತರರ ಹಣೆ ಉರಿಯತೊಡಗಿತು. ಸಿಟ್ಟಿನ ಉರಿಯಲ್ಲ. ಸಿಟ್ಟಿಗೆ ಅವರ ಹಣೆ ಉರಿಯುವುದು ಹಳಿಯಾಳಕ್ಕೆ ಹೊಸ ಸುದ್ದಿಯಾಗಿರಲಿಲ್ಲ. ಈ ಸಲ ಹಣೆಯ ಮೇಲಿನ ಮೂರು ಬಿಳಿ ಗೆರೆಗಳೇ ಉರಿಯುತ್ತಿದ್ದವು, ಹಸಿಮೆಣಸಿನಕಾಯಿ ಅರೆದು ಬಳಿದ ಹಾಗೆ.

ಮಾಸ್ತರರು ಹಲ್ಲು ಕಚ್ಚಿಕೊಂಡು ಪಾಠ ಮುಂದುವರಿಸಿದರು. ಅಂದಿನ ಪಾಠ ಪದಾರ್ಥಗಳ ಬದಲಾವಣೆ. ಐದನೇ ಇಯತ್ತೆಯ ಹುಡುಗರೆಲ್ಲ ಒಂದೇ ದನಿಯಲ್ಲಿ, "ರೂಪ ಕೆಟ್ಟರ ಭೌತಿಕ, ಗುಣ ಕೆಟ್ಟರ ರಾಸಾಯನಿಕ!" ಎಂದು ಕೂಗಿದರು. ಅದು ಮಾಸ್ತರರೇ ಕಟ್ಟಿದ ಸೂತ್ರ. ತುಪ್ಪ ಚಳಿಗೆ ಹೆಪ್ಪುಗಟ್ಟಿದರೂ ತುಪ್ಪವೇ. ಉಪ್ಪು ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಿದ್ದರೂ ನಾಲಿಗೆಗೆ ಉಪ್ಪೇ. ಕಟ್ಟಿಗೆಯನ್ನು ಸೀಳಿ ಸೀಳಿ ಚಕ್ಕೆ ಮಾಡಿದರೂ ಅದು ಕಟ್ಟಿಗೆಯೇ. ಇವೆಲ್ಲ ಭೌತಿಕ ಬದಲಾವಣೆ. ಹಾಲು ಮೊಸರಾದರೆ, ಕಟ್ಟಿಗೆ ಸುಟ್ಟು ಬೂದಿಯಾದರೆ, ಮೊಳೆ ತುಕ್ಕು ಹಿಡಿದರೆ ಹಳೆಯ ಪದಾರ್ಥ ಹೋಗಿ ಅದರ ಜಾಗದಲ್ಲಿ ಬೇರೊಂದು ಬಂದು ಕೂತಿರುತ್ತದೆ. ಅದು ರಾಸಾಯನಿಕ.

"ಈಗ ಕಣ್ಣಾರೆ ನೋಡ್ರಿ ಸಾಹೇಬ್ರ," ಎಂದು ಮಾಸ್ತರರು ಕೋಟಿನ ಎಡಗಿಸೆಯಿಂದ ಒಂದು ಬಿಳಿಯ ಗಟ್ಟಿ ತೆಗೆದರು. "ಇದು ಭಟ್ಟಿಯಿಂದ ತಂದ ಸುಣ್ಣದ ಹೆಂಟಿ. ನೀರಿಗೆ ಹಾಕಿದ್ರ ಬೆಂಕಿ ಇಲ್ಲದ ಕುದೀತೈತಿ. ಸುಣ್ಣ ಮತ್ತ ನೀರು ಕೂಡಿ ಬ್ಯಾರೇನ ಒಂದು ಪದಾರ್ಥ ಆಗತೈತಿ. ಏ ಹುಡುಗೋರ, ಹಿಂದ ಸರೀರಿ, ಸಿಡೀತೈತಿ!"

ಹುಡುಗರು ಹಿಂದೆ ಸರಿದರು. ಸಾಹೇಬರೂ ಕಾಲು ಕೆಳಗಿಳಿಸಿ ಕುರ್ಚಿಯನ್ನು ಗೋಡೆಗೆ ಒತ್ತಿದರು. ಮಾಸ್ತರರು ಹಿತ್ತಾಳೆಯ ಬೋಗುಣಿಯ ನೀರಿಗೆ ಗಟ್ಟಿಯನ್ನು ಬಿಟ್ಟರು. ಅದು ಮುಳುಗಿತು. ನಾಲ್ಕಾರು ಗುಳ್ಳೆ ಬಿಟ್ಟಿತು. ಆಮೇಲೆ ಯಾರ ಗೊಡವೆಯೂ ಬೇಡವೆಂಬಂತೆ ಮೆಲ್ಲಗೆ ಬಿಚ್ಚಿಕೊಂಡು ಬೂದುಬಣ್ಣದ ಕೆಸರಾಗಿ ತಳದಲ್ಲಿ ಮಲಗಿಬಿಟ್ಟಿತು.

ಸಾಹೇಬರು ಕಾದರು. ಶಾಲೆ ಕಾಯಿತು. ಕೊನೆಗೆ ಸಾಹೇಬರು ಬೋಗುಣಿಯಿಂದ ಕಣ್ಣೆತ್ತಿ ಮಾಸ್ತರರ ಮುಖ ನೋಡಿ, "ಅಲ್ರೀ ಮಾಸ್ತರ, ನೀರು ಕುದೀತದ ಅಂದ್ರಿ. ಇಲ್ಲಿ ನಿಮ್ಮ ಹಣೀನ ಕುದ್ಯಾಕ ಹತ್ತೇದಲ್ಲ!" ಎಂದರು.

ಹಣೆಬರಹ ತೊಳೆದರೆ ಹೋಗುವುದಿಲ್ಲ ಎನ್ನುತ್ತಾರೆ. ಮಾಸ್ತರರು ಅಂದು ಬಾವಿಕಟ್ಟೆಗೆ ಓಡಿ, ಕೊಡದ ಮೇಲೆ ಕೊಡ ಸುರಿದುಕೊಂಡು ತೊಳೆದರು. ಬಿಳಿ ಗೆರೆಗಳು ಹೋದವು. ಅವುಗಳ ಜಾಗದಲ್ಲಿ ಮೂರು ಕೆಂಪು ಬರೆಗಳು ಉಳಿದವು. ಅವರದೇ ಸೂತ್ರದ ಪ್ರಕಾರ ಇದು ಯಾವ ಬದಲಾವಣೆ ಎಂದು ಕೇಳುವ ಎದೆಗಾರಿಕೆ ಆ ಶಾಲೆಯಲ್ಲಿ ಯಾರಿಗೂ ಇರಲಿಲ್ಲ.

ಆದದ್ದಿಷ್ಟೇ. ಮಾಸ್ತರರ ಕೋಟಿಗೆ ಎರಡು ಕಿಸೆ. ಬಲಗಿಸೆಯಲ್ಲಿ ಯಾವಾಗಲೂ ವಿಭೂತಿಯ ಗಟ್ಟಿ. ಅಂದು ಎಡಗಿಸೆಯಲ್ಲಿ, ಪಾಠಕ್ಕೆಂದು ತಂದ ಸುಣ್ಣದ ಹೆಂಟೆ. ಎರಡೂ ಬಿಳಿ, ಎರಡೂ ಅಂಗೈ ತುಂಬುವಷ್ಟು. ಮುಂಜಾನೆ ಶಾಲೆಗೆ ಬಂದವರೇ ಕೋಟು ಝಾಡಿಸಲೆಂದು ಎರಡನ್ನೂ ತೆಗೆದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಗೋಡೆಯ ಮೇಲಿನ ನಕಾಶೆ ವಾರೆಯಾಗಿ ತೂಗುತ್ತಿದ್ದದ್ದು ಕಣ್ಣಿಗೆ ಬಿತ್ತು. ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಬೈಯುತ್ತ, ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕ ಕಿಸೆಗೆ ತುರುಕಿದರು. ಸಾಹೇಬರು ಬರುವ ಹೊತ್ತಾಯಿತು ಎಂದಾಗ ಬೆರಳು ಒದ್ದೆ ಮಾಡಿಕೊಂಡು, ಬಲಗಿಸೆಯದನ್ನು ತಿಕ್ಕಿ, ಹಣೆಗೆ ಹೊಸದಾಗಿ ಮೂರು ಗೆರೆ ಎಳೆದರು.

ಅವರ ಕೈಕೆಳಗಿನ ಮಾಸ್ತರ ಉಳವಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದ. "ಅಯ್ಯಾರ, ಆ ಕಿಸೆ..." ಎಂದು ಬಾಯಿ ತೆರೆದ.

"ಕಿಸೆ ಹಾಳಾಗಲಿ! ಮದಲ ಆ ನಕಾಶೆ ಸರಿ ಮಾಡು! ಹಿಂದುಸ್ತಾನ ಎಲ್ಲಾ ಅರಬಸ್ತಾನದ ಕಡೆ ವಾಲೇತಿ, ಇಂವಗ ಕಿಸೇದ ಚಿಂತಿ!"

ಉಳವಪ್ಪ ಹಿಂದುಸ್ತಾನವನ್ನು ನೆಟ್ಟಗೆ ಮಾಡಿದ.

ಈ ಕಥೆ ನನಗೆ ಗೊತ್ತಾದದ್ದು ನಮ್ಮ ತಂದೆಯಿಂದ. ಆ ಐದನೇ ಇಯತ್ತೆಯಲ್ಲಿ ಅವರೂ ಹಿಂದೆ ಸರಿದು ಕೂತವರೇ. ನಾನು ಅಕ್ಷರ ಕಲಿತದ್ದು ಬೆಳಗಾವಿಯ ಸಿಸ್ಟರುಗಳ ಕೈಯಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಬೂದಿ ಬುಧವಾರ ಬರುತ್ತಿತ್ತು, ಪಾದ್ರಿಗಳು ಬೆರಳು ಬೂದಿಗದ್ದಿ ಕ್ರೈಸ್ತರ ಹಣೆಗೆ ಹಚ್ಚುತ್ತಿದ್ದರು. ಒಂದೇ ದಿನಕ್ಕೆ ಇಷ್ಟು ಗಂಭೀರವೇ ಎಂದು ನನಗೆ ಸೋಜಿಗ. ನಮ್ಮ ಊರಿನ ಕಡೆ ಏಳು ವಾರವೂ ಬೂದಿವಾರವೇ.

ಅಡಿವೆಯ್ಯನವರು ಮುಂಡಗೋಡದ ಕಡೆಯವರು. ತಂದೆ ಜೋಳಿಗೆ ಹಿಡಿದು ಭಕ್ತರ ಮನೆಮನೆಗೆ ಹೋಗುತ್ತಿದ್ದ ಅಯ್ಯನವರು. ಯಾರು ಏನು ನೀಡಿದರೂ "ಶಿವಾರ್ಪಣ" ಎಂದು ನಗುನಗುತ್ತ ಹೊರಟುಬಿಡುವ ತಣ್ಣನೆಯ ಮನುಷ್ಯ. ಅಂಥವರ ಹೊಟ್ಟೆಯಲ್ಲಿ ಇಂಥ ಕೆಂಡ ಹೇಗೆ ಹುಟ್ಟಿತೋ! ಹೆಸರಿನಲ್ಲೇ ಅಡವಿ ಇದ್ದ ಮೇಲೆ ಕಾಳ್ಗಿಚ್ಚೂ ಇರಬೇಕಲ್ಲ ಎಂದು ಊರು ಸಮಾಧಾನ ಮಾಡಿಕೊಂಡಿತ್ತು. ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ತರಬೇತಿ ಮುಗಿಸಿ, ಒಂದು ಗಾಜಿನ ಬುದ್ದಲಿ ಮತ್ತು ವಿಜ್ಞಾನದ ಹುಚ್ಚು ಎರಡನ್ನೂ ಒಡೆಯದಂತೆ ಹಳಿಯಾಳಕ್ಕೆ ತಂದರು. ಬುದ್ದಲಿ ಮೊದಲ ಮಳೆಗಾಲದಲ್ಲೇ ಒಡೆಯಿತು. ಹುಚ್ಚು ಉಳಿಯಿತು.

ಅವರಿಗೆ ಎಲ್ಲದರ ಮೇಲೂ ಸಿಟ್ಟು. ತಡವಾಗಿ ಬಂದ ಹುಡುಗನ ಮೇಲೆ ಸಿಟ್ಟು, ಬೇಗ ಬಂದು ಗದ್ದಲ ಮಾಡಿದವನ ಮೇಲೂ ಸಿಟ್ಟು. ಚಹಾದಲ್ಲಿ ಬೆಲ್ಲ ಹೆಚ್ಚಾದರೆ ಸಿಟ್ಟು, ಕಡಿಮೆಯಾದರೆ ಚಹಾ ಎಂಬ ಪದಾರ್ಥದ ಮೇಲೆಯೇ ಸಿಟ್ಟು. ಪೇಟೆಯ ಸಿಂಪಿಗ ಸುಭಾನಿ ಅವರಿಗೆ ಆ ಕೋಟು ಹೊಲಿದುಕೊಟ್ಟಾಗ ಒಂದು ಕಿಸೆ ನೂಲಿನಷ್ಟು ಮೇಲೆ ಕೂತಿತ್ತು. ಮಾಸ್ತರರು ಶಾಲೆಯ ಅಳತೆಪಟ್ಟಿ ತೆಗೆದುಕೊಂಡು ಅವನ ಅಂಗಡಿಗೇ ಹೋದರು. "ಇದು ಕಿಸೇನೊ, ಗುಬ್ಬಿ ಗೂಡೊ? ಎರಡೂ ಒಂದ ನಮೂನಿ ಆಗಬೇಕು. ಕಣ್ಣು ಮುಚ್ಚಿ ಕೈ ಹಾಕಿದ್ರ ಎಡಗಡೇದು ಯಾವುದು, ಬಲಗಡೇದು ಯಾವುದು ಅಂತ ಕಿಸೆಗೂ ತಿಳೀಬಾರದು!" ಸುಭಾನಿ ಬಿಚ್ಚಿ ಹೊಲಿದ, ಮತ್ತೆ ಬಿಚ್ಚಿ ಹೊಲಿದ. ಕೊನೆಗೆ ಕಿಸೆಗಳು ಅವಳಿ ಮಕ್ಕಳಂತೆ ಆದವು.

ಹೀಗಾದರೂ ಮನೆಯಾಕೆ ನೀಲಕ್ಕ ಹೆದರುತ್ತಿರಲಿಲ್ಲ. "ನಮ್ಮವರ ಸಿಟ್ಟು ತುಪ್ಪ ಇದ್ದಂಗ. ಹೊತ್ತು ಏರಿದ ಮ್ಯಾಲೆ ತಾನ ಕರಗತೈತಿ," ಎನ್ನುತ್ತಿದ್ದಳು. ಭೌತಿಕ ಬದಲಾವಣೆ ಎಂಬ ಮಾತನ್ನು ಆಕೆ ಕೇಳಿರಲಿಕ್ಕಿಲ್ಲ, ಅದರೊಡನೆ ಸಂಸಾರ ಮಾಡಿದ್ದಳು.

ಆದರೆ ಆ ದಿನದ ಸಿಟ್ಟು ಕರಗಲಿಲ್ಲ. ಸಾಹೇಬರು ಜೀಪಿಲ್ಲದ ಆ ಕಾಲದಲ್ಲಿ ಎತ್ತಿನ ದಮಣಿ ಹತ್ತಿ ಹೊರಟಾಗ, ಅವರ ನಗು ದಮಣಿಯ ಗಂಟೆಯ ಸದ್ದಿಗಿಂತ ದೂರದವರೆಗೆ ಕೇಳುತ್ತಿತ್ತು. ಮಾಸ್ತರರು ಹಣೆಗೆ ಬೆಣ್ಣೆ ಹಚ್ಚಿಕೊಂಡು ಕೂತು ವಿಚಾರ ಮಾಡಿದರು. ವಿಚಾರ ಮಾಡಿದರು ಎಂಬುದು ಗೌರವದ ಮಾತು. ಸಿಟ್ಟು ಯಾರ ಮೇಲೆ ಇಳಿಸಲಿ ಎಂದು ಹುಡುಕಿದರು. ಹಣೆ ಉರಿಯಿತು, ಅಂದರೆ ವಿಭೂತಿಯಲ್ಲಿ ಸುಣ್ಣ ಬೆರೆಸಿದ್ದಾರೆ. ನೀರು ಕುದಿಯಲಿಲ್ಲ, ಅಂದರೆ ಸುಣ್ಣದ ಹೆಸರಿನಲ್ಲಿ ಬೂದಿ ಕೊಟ್ಟಿದ್ದಾರೆ. ಒಂದೇ ದಿನ ಎರಡು ಮೋಸ! ಎರಡು ಮೋಸ ಸೇರಿದರೆ ತಮ್ಮದೇ ಒಂದು ತಪ್ಪಾಗುತ್ತದೆ ಎಂಬ ಸಣ್ಣ ಲೆಕ್ಕ ಅವರ ತಲೆಗೆ ಬರಲಿಲ್ಲ.

ಉಳವಪ್ಪ ಇನ್ನೊಮ್ಮೆ ಧೈರ್ಯ ಮಾಡಿದ. "ಅಯ್ಯಾರ, ತಪ್ಪು ತಿಳ್ಕೋಬ್ಯಾಡ್ರಿ. ಕಿಸೇದಾಗ..."

"ಮತ್ತ ಕಿಸೆ! ನಿನ್ನ ತಲಿ ಏನು ಕಿಸೇದಾಗ ಇಟ್ಟಿ ಏನೊ?"

ಬೋಗುಣಿಯ ಕೆಸರನ್ನು ಮಾಸ್ತರರು ಚೆಲ್ಲಿದರು. ಬಲಗಿಸೆಯಲ್ಲಿ ಉಳಿದಿದ್ದ ಗಟ್ಟಿಯನ್ನು ಮಾತ್ರ, ಮೋಸದ ಸಾಕ್ಷಿ ಎಂದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಜೋಪಾನ ಮಾಡಿದರು.

ಸುಣ್ಣ ತಂದದ್ದು ದೌಲತಬಿಯ ಭಟ್ಟಿಯಿಂದ. ಊರ ಹೊರಗೆ, ದಾಂಡೇಲಿ ಅಡವಿಯ ಕಟ್ಟಿಗೆ ಬಂದು ಬೀಳುವ ಬಯಲಿನ ಪಕ್ಕದಲ್ಲಿ ಆಕೆಯದೊಂದು ಸುಣ್ಣದ ಭಟ್ಟಿ. ವಿಭೂತಿ ಮಾತ್ರ ಗುರುಸಿದ್ದವ್ವನದು. ಆಕೆಯದು ತಲೆಮಾರುಗಳಿಂದ ವಿಭೂತಿ ಮಾಡುವ ಮನೆ. ಹಳಿಯಾಳದ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸಿನ ಹಣೆಗೂ ಸತ್ತವರ ಹಣೆಗೂ ಆಕೆಯ ಕೈಯ ಬೂದಿಯೇ. ಸಗಣಿಯ ಉಂಡೆ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ, ಮೇಲಿನ ನೀರು ಬಸಿದು, ತಳದ ನುಣುಪನ್ನು ಗಟ್ಟಿ ಕಟ್ಟುತ್ತಿದ್ದಳು. ಇನ್ನೂ ಹಸಿ ಇರುವಾಗಲೇ ಪ್ರತಿ ಗಟ್ಟಿಯ ಬೆನ್ನಿಗೆ ಹೆಬ್ಬೆರಳು ಒತ್ತಿ "ಶಿವಾ" ಎನ್ನುವುದು ಆ ಮನೆಯ ಪದ್ಧತಿ. ಒಣಗಿದ ಮೇಲೆ ಅಲ್ಲೊಂದು ಕುಣಿ ಉಳಿಯುತ್ತಿತ್ತು. ಗಟ್ಟಿ ಹಿಡಿಯುವವರ ಹೆಬ್ಬೆರಳು ತಾನಾಗಿ ಹೋಗಿ ಆ ಕುಣಿಯಲ್ಲಿ ಕೂರುತ್ತಿತ್ತು.

ಮಾಸ್ತರರು ಆಕೆಯ ಬಳಿಗೆ ಹೋಗಿ ಕೇಳಲಿಲ್ಲ. ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಂತೆಯ ದಿನ ಕರಿಬಸಪ್ಪನವರ ಅಂಗಡಿಯ ಕಟ್ಟೆ ಹತ್ತಿ, ಕೆಂಪು ಹಣೆ ತೋರಿಸಿ ಕೂಗಿದರು. "ನೋಡ್ರಿ, ಗುರುಸಿದ್ದವ್ವನ ವಿಭೂತಿ! ಬೆಳ್ಳಗ ಕಾಣ್ಲಿ ಅಂತ ಸುಣ್ಣ ಬೆರಸ್ಯಾಳ. ನಿಮ್ಮ ಕೂಸುಗಳ ಹಣಿ ಜ್ವಾಕಿ! ಆ ದೌಲತಬೀನೂ ಕಡಿಮಿ ಇಲ್ಲ, ಸುಣ್ಣ ಅಂತ ಬೂದಿ ಮಾರ್ತಾಳ!"

ಕರಿಬಸಪ್ಪನವರದು ಅರಿವೆ ಅಂಗಡಿ. ಪ್ರತಿ ಶಿವರಾತ್ರಿಗೆ ಗುರುಸಿದ್ದವ್ವನ ವಿಭೂತಿಯನ್ನು ಬುಟ್ಟಿಗಟ್ಟಲೆ ಕೊಂಡು ಗುಡಿಯಲ್ಲಿ ಹಂಚುವವರು ಅವರೇ. ಆ ಬುಟ್ಟಿಯೇ ಆಕೆಯ ವರ್ಷದ ಅನ್ನ. ಶಿವರಾತ್ರಿ ಹತ್ತಿರ ಬಂದಿತ್ತು. ಬುಟ್ಟಿ ಆಗಲೇ ಅಂಗಡಿಗೆ ಬಂದು ಮೂಲೆಯಲ್ಲಿ ಕೂತಿತ್ತು.

ಮಾತು ಕಿವಿಯಿಂದ ಕಿವಿಗೆ ಹೋಗುತ್ತ ರೂಪವನ್ನಷ್ಟೇ ಅಲ್ಲ, ಗುಣವನ್ನೂ ಕಳೆದುಕೊಂಡಿತು. ಸಂತೆ ಮುಗಿಯುವ ಹೊತ್ತಿಗೆ ಒಂದು ಕೂಸಿನ ಹಣೆ ಸುಟ್ಟಿತ್ತು, ಯಾವ ಊರಿನ ಕೂಸು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮರುದಿನ ಒಬ್ಬ ಮುದುಕನ ಕಣ್ಣು ಹೋಗಿತ್ತು. ನನಗೆ ಮಾಸ್ತರರಿಗಿಂತ ಈ ಊರಿನ ಮೇಲೆ ಇಂದಿಗೂ ಸಿಟ್ಟು. ಹುಟ್ಟಿದಾಗಿನಿಂದ ಆ ವಿಭೂತಿಯನ್ನೇ ಹಚ್ಚಿಕೊಂಡ ಹಣೆಗಳು! ಒಂದು ಹಣೆಯಾದರೂ "ನನಗೆ ಉರಿದಿಲ್ಲವಲ್ಲ" ಎನ್ನಬೇಕಿತ್ತು. ಅನ್ನಲಿಲ್ಲ. ನಮ್ಮ ಊರಿಗೆ ಸುಳ್ಳನ್ನು ನಂಬಲು ಸಾಕ್ಷಿ ಬೇಕಿಲ್ಲ, ಹೇಳುವವನ ಮೈಮೇಲೆ ಕೋಟಿದ್ದರೆ ಸಾಕು.

ಜನ ಮನೆಯಲ್ಲಿದ್ದ ಗಟ್ಟಿಗಳನ್ನು ತಂದು ಗುರುಸಿದ್ದವ್ವನ ಕಟ್ಟೆಯ ಮೇಲೆ ಇಟ್ಟುಹೋದರು. ಎದುರಿಗೆ ಬಂದು ಕೊಡುವ ಧೈರ್ಯವೂ ಇಲ್ಲ, ಆಕೆ ಹಟ್ಟಿಯಲ್ಲಿ ಸಗಣಿ ಬಳಿಯುವ ಹೊತ್ತು ನೋಡಿ ಇಟ್ಟು ಜಾರಿಕೊಂಡರು. ಆಮೇಲೆ ಕರಿಬಸಪ್ಪನವರ ಆಳು ಬುಟ್ಟಿ ಹೊತ್ತು ತಂದ.

"ಯಾಕೊ, ಬುಟ್ಟಿ ತಿರುಗಿ ಬಂತು?"

"ಸಾಹುಕಾರ್ರು ಈ ಸಲ ಹುಬ್ಬಳ್ಳಿಯಿಂದ ತರಸ್ತಾರಂತ ಯವ್ವಾ. ಇನ್ನ ಮುಂದೂ ಅಲ್ಲಿಂದಾನ ಅಂತ."

ಗುರುಸಿದ್ದವ್ವ ಕಣ್ಣೀರು ಹಾಕುವ ಪೈಕಿಯವಳಲ್ಲ. ಗಂಡ ಸತ್ತಾಗಲೂ ದನಗಳಿಗೆ ಮೇವು ಹಾಕಿ ಬಂದು ಅತ್ತವಳು. ಆಕೆ ಕಟ್ಟೆಯ ಮೇಲಿನ ಗಟ್ಟಿಗಳನ್ನೆಲ್ಲ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ನೇರ ದೌಲತಬಿಯ ಭಟ್ಟಿಗೆ ಹೋದಳು.

"ದೌಲತಬಿ, ಖರೇ ಹೇಳು. ನಿನ್ನ ಸುಣ್ಣ ನನ್ನ ಮನಿಗೆ ಎಂದರ ಬಂದೈತೇನು?"

"ಸುಣ್ಣ?" ದೌಲತಬಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಮಾಸ್ತರಸಾಬ್ರ ಪ್ರಕಾರ ನನ್ನ ಭಟ್ಟ್ಯಾಗ ಸುಣ್ಣಾನ ಇಲ್ಲವ್ವಾ. ಬರೇ ಬೂದಿ. ನಿನ್ನ ಮನ್ಯಾಗ ಬೂದೀನ ಇಲ್ಲ, ಬರೇ ಸುಣ್ಣ. ಹಂಗಾದ್ರ ನಾವಿಬ್ರೂ ಮನಿ ಬದಲ ಮಾಡೂಣೇನು?"

ಗುರುಸಿದ್ದವ್ವ ನಗಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಊರಿಗೆ ಊರೇ ಒಂದು ವಾರ ನೋಡದಿದ್ದುದನ್ನು ಅವರು ಅಲ್ಲಿ ನಿಂತ ನಿಲುವಿನಲ್ಲಿ ನೋಡಿಬಿಟ್ಟರು.

"ಅದಲ ಬದಲ ಮಾಡ್ಯಾನ," ಎಂದಳು ಗುರುಸಿದ್ದವ್ವ.

"ಹೋಗಿ ಹೇಳೂಣು ನಡಿ. ಶಾಲಿ ಬಿಡೂ ಹೊತ್ತಾತು."

"ಶಾಲ್ಯಾಗ ಯಾಕ? ನನ್ನ ಹೆಸರು ಶಾಲ್ಯಾಗ ಕೆಟ್ಟಿಲ್ಲ. ಮಾತು ಎಲ್ಲಿ ಬಿದ್ದೈತಿ, ಅಲ್ಲೇ ಎತ್ತಬೇಕು. ನಾಳೆ ಸಂತಿ ಐತಿ. ಒಂದು ಒಳ್ಳೆ ಹೆಂಟಿ ತೊಗೊಂಡು ಬಾ. ಬೋಗುಣಿ ನಾ ತರ್ತೇನಿ."

ಮರುದಿನ ಕರಿಬಸಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತು ಅರಿವೆ ಅಳೆಯುತ್ತಿದ್ದಾಗ ಎದುರಿಗೆ ದೊಪ್ಪನೆ ಬುಟ್ಟಿ ಇಳಿಯಿತು. ಅದರ ಪಕ್ಕದಲ್ಲಿ ನೀರು ತುಂಬಿದ ಬೋಗುಣಿ. ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ದೌಲತಬಿ. ಸಂತೆ ನೆರೆಯಲು ಇಷ್ಟು ಸಾಕು. ಅಡಿವೆಯ್ಯ ಮಾಸ್ತರರಿಗೆ ಹೇಳಿ ಕಳಿಸಿದರು. ಅವರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಉಳವಪ್ಪನನ್ನು ಹಿಂದಿಟ್ಟುಕೊಂಡು, ಸಿಟ್ಟನ್ನು ಮುಂದಿಟ್ಟುಕೊಂಡು ಬಂದರು.

"ಅಯ್ಯಾರ, ನನ್ನ ವಿಭೂತ್ಯಾಗ ಸುಣ್ಣ ಐತಿ ಅಂದ್ರೆಲ್ಲ?" ಗುರುಸಿದ್ದವ್ವ ಕೇಳಿದಳು.

"ಅಂದೇನಿ. ಈಗೂ ಅಂತೇನಿ. ನನ್ನ ಹಣೀನ ಸಾಕ್ಷಿ."

"ಹಣಿ ನಿಮ್ದು. ಹೆಸರು ನಂದು. ನಿಮ್ಮ ಹಣಿ ಬೆಣ್ಣಿ ಹಚ್ಚಿದ್ರ ತಣ್ಣಗ ಆಗತೈತಿ, ನನ್ನ ಹೆಸರಿಗೆ ಏನ ಹಚ್ಚಲಿ?"

ಮಾಸ್ತರರು ಮಾಸ್ತರಿಕೆ ಕೈಬಿಡಲಿಲ್ಲ. "ನೋಡವ್ವಾ, ಇದು ಬಾಯಿ ಮಾತಿನ ವಿಷಯ ಅಲ್ಲ. ಕಣ್ಣಿಗೆ ಕಂಡದ್ದೂ ಖರೆ ಅಲ್ಲ. ಬೂದೀನೂ ಬೆಳ್ಳಗ, ಸುಣ್ಣಾನೂ ಬೆಳ್ಳಗ. ನೀರು ಹಾಕಿದ್ರನ ತಿಳಿಯೂದು. ಬೂದಿ ಅಂದ್ರ ಮೊದಲ ಸುಟ್ಟು ಮುಗದದ್ದು, ನೀರಾಗ ನೆಂದು ಕೆಸರಾಗತೈತಿ, ಒಣಗಿಸಿದ್ರ ಮತ್ತ ಅದ ಬೂದಿ. ಭೌತಿಕ. ಸುಣ್ಣ ಇತ್ತಂದ್ರ ಕಾವು ಏರತೈತಿ, ಒಡೀತೈತಿ, ಉಬ್ಬತೈತಿ, ಮತ್ತ ಮೊದಲಿನಂಗ ಆಗಂಗಿಲ್ಲ. ರಾಸಾಯನಿಕ."

"ಹಾಕ್ರಿ ನೀರು," ಎಂದಳು ಗುರುಸಿದ್ದವ್ವ. "ನಾ ಏನು ಬ್ಯಾಡ ಅಂದೇನಿ?"

ಆಕೆ ಬುಟ್ಟಿಯಿಂದ ಒಂದು ಗಟ್ಟಿ ತೆಗೆದಳು. ಮೊದಲು ಬೆರಳು ಒದ್ದೆ ಮಾಡಿ ತನ್ನ ಹಣೆಗೆ ಎಳೆದುಕೊಂಡಳು. ಆಮೇಲೆ ಕರಿಬಸಪ್ಪನವರ ಹಣೆಗೆ, ಅವರು ಬೇಕು ಬೇಡ ಎನ್ನುವುದರೊಳಗೆ. ಆಮೇಲೆ ಗಟ್ಟಿಯನ್ನು ಬೋಗುಣಿಗೆ ಬಿಟ್ಟಳು. ಅದು ನಾಲ್ಕಾರು ಗುಳ್ಳೆ ಬಿಟ್ಟು, ಮೆಲ್ಲಗೆ ಬಿಚ್ಚಿಕೊಂಡು, ಬೂದುಬಣ್ಣದ ಕೆಸರಾಗಿ ತಳದಲ್ಲಿ ಮಲಗಿತು.

ಮಾಸ್ತರರು ಆ ಕೆಸರನ್ನು ನೋಡಿದರು. ಎಲ್ಲೋ ನೋಡಿದ ಕೆಸರು. ಅವರ ಹುಬ್ಬು ಗಂಟಿಕ್ಕಿತು. ಆದರೂ ಬಿಡಲಿಲ್ಲ. "ಇದು ಇವತ್ತಿನ ಗಟ್ಟಿ. ನನಗ ಕೊಟ್ಟದ್ದು ಬ್ಯಾರೆ. ಇಲ್ಲೈತಿ ನೋಡ್ರಿ!" ಎಂದು ಡಬ್ಬಿಯ ಮುಚ್ಚಳ ಕಿತ್ತು, ತಮ್ಮ ಸಾಕ್ಷಿಯನ್ನು ಎತ್ತಿ ಹಿಡಿದರು.

"ತಿರುವಿ ಹಿಡೀರಿ," ಎಂದಳು ಗುರುಸಿದ್ದವ್ವ.

"ಯಾಕ?"

"ನನ್ನ ಹೆಬ್ಬಟ್ಟಿನ ಕುಣಿ ಎಲ್ಲೈತಿ ತೋರಸ್ರಿ. ಇಷ್ಟ ವರ್ಷ ದಿನಾ ಮುಂಜಾನೆ ಅದರಾಗ ಬಟ್ಟು ಇಟ್ಟು ಹಿಡದೀರಿ. ಇದನ್ನ ಹಣಿಗೆ ತಿಕ್ಕೂ ಮುಂದ ನಿಮ್ಮ ಬಟ್ಟು ಎಲ್ಲಿ ಕುಂತಿತ್ತು, ಅಯ್ಯಾರ?"

ಮಾಸ್ತರರು ತಿರುವಿದರು. ಇನ್ನೊಂದು ಕಡೆ ತಿರುವಿದರು. ಹೆಬ್ಬೆರಳು ಗಟ್ಟಿಯ ಮೇಲೆಲ್ಲ ಕುಣಿಗಾಗಿ ತಡಕಾಡಿತು, ಕತ್ತಲಲ್ಲಿ ಬಾಗಿಲಿನ ಚಿಲಕ ಹುಡುಕಿದ ಹಾಗೆ. ಕುಣಿ ಇರಲಿಲ್ಲ. ಅವರ ಕೈ ನಿಧಾನವಾಗಿ ಕೆಳಗಿಳಿಯಿತು.

ಅಷ್ಟರಲ್ಲಿ ದೌಲತಬಿ ಮುಂದೆ ಬಂದು ಆ ಗಟ್ಟಿಯನ್ನು ಅವರ ಕೈಯಿಂದ ಕಸಿದುಕೊಂಡೇಬಿಟ್ಟಳು. ಬೆಳಕಿಗೆ ಹಿಡಿದಳು, ಮೂಸಿದಳು, ಸೆರಗಿನಲ್ಲಿ ಒರೆಸಿದಳು. ಕಳೆದುಹೋದ ಆಡಿನ ಮರಿ ಸಿಕ್ಕಿದಷ್ಟು ಖುಷಿ ಆಕೆಯ ಮುಖದಲ್ಲಿ. "ಅರೆ, ಇದು ನನ್ನ ಮಾಲು! ಇಗಾ, ಭಟ್ಟಿಯ ಇದ್ದಿಲ ಕಲಿ ಇನ್ನೂ ಐತಿ. ಎಂಥಾ ಚಲೋ ಹೆಂಟಿ! ಇದನ್ನ ಬೂದಿ ಅಂದ್ರೇನು ಮಾಸ್ತರಸಾಬ? ಇದನ್ನ?"

ಹಾಗೆಂದವಳೇ ಅದನ್ನು ಬೋಗುಣಿಗೆ ಹಾಕಿದಳು.

ಮೊದಲು ಏನೂ ಆಗಲಿಲ್ಲ. ಯಾರೋ ಹಿಂದಿನಿಂದ "ಇದೂ ಬೂದಿ" ಎಂದರು. ದೌಲತಬಿ ಅತ್ತ ತಿರುಗಿ ಒಂದು ಬೈಗುಳ ಎಸೆಯುವಷ್ಟರಲ್ಲಿ ಬೋಗುಣಿಯೊಳಗೆ ಚಟ್ ಎಂದಿತು. ಗಟ್ಟಿಗೆ ಬಿರುಕು ಬಿತ್ತು. ಬಿರುಕಿನಿಂದ ಹಬೆ ಎದ್ದಿತು. ನೀರು ಬುಸುಗುಟ್ಟಿ, ಕೊತಕೊತನೆ ಕುದಿದು, ಅಂಚಿನಿಂದ ಉಕ್ಕಿ ಕರಿಬಸಪ್ಪನವರ ಗಾದಿಯ ಕಡೆ ಹೊರಟಿತು. ಸಂತೆಯೆಲ್ಲ ಹಿಂದೆ ಸರಿಯಿತು. ಡೆಪ್ಯುಟಿ ಸಾಹೇಬರು ಇದ್ದಿದ್ದರೆ ಎದ್ದು ನಿಂತು ಕೈತಟ್ಟುತ್ತಿದ್ದರು. ಮಾಸ್ತರರ ಜೀವಮಾನದ ಅತ್ಯುತ್ತಮ ಪಾಠ ಅದು. ಪಾಠ ಮಾಡಿದವಳು ದೌಲತಬಿ, ಪಾಠವಾದದ್ದು ಮಾಸ್ತರರಿಗೆ.

ಆಗ ಉಳವಪ್ಪನಿಗೆ ಬಾಯಿ ಬಂತು. "ನಾ ಅವತ್ತಿಂದ ಬಡಕೊಳ್ಳಾಕ ಹತ್ತೇನ್ರಿ, ಕಿಸೆ ಅದಲ ಬದಲ ಆಗೇತಿ ಅಂತ! ಮೇಜಿನ ಮ್ಯಾಲಿಂದ ತುರುಕೂ ಮುಂದ ಸುಣ್ಣ ಬಲಕ್ಕ ಹೋತು, ವಿಭೂತಿ ಎಡಕ್ಕ ಹೋತು. ಬೋಗುಣ್ಯಾಗ ಹಾಕಿದ್ದು ಅವ್ವಾರ ವಿಭೂತಿ, ಹಣಿಗೆ ತಿಕ್ಕಿದ್ದು ಈ ಬೂಬೂನ ಸುಣ್ಣ! ನೀವು ಬಾಯಿ ತಗ್ಯಾಕ ಬಿಟ್ರಲ್ಲ ಹೇಳೂದು?"

ಸಂತೆ ನಕ್ಕಿತು. ವಾರವಿಡೀ ಸುಟ್ಟ ಕೂಸಿನ ಸುದ್ದಿ ಹಂಚಿದ ಬಾಯಿಗಳೇ ಮೊದಲು ನಕ್ಕವು. ಕರಿಬಸಪ್ಪನವರು ಗಾದಿಯ ಅಂಚು ಹಿಂಡುತ್ತ, ಏನೂ ಆಗಿಲ್ಲವೆಂಬಂತೆ ಆಳಿಗೆ ಕಣ್ಸನ್ನೆ ಮಾಡಿದರು. ಆಳು ಬುಟ್ಟಿಗೆ ಕೈ ಹಾಕಿದ.

"ಕೈ ತಗಿ!" ಗುರುಸಿದ್ದವ್ವನ ದನಿಗೆ ನಗು ಅರ್ಧಕ್ಕೆ ನಿಂತಿತು. "ಸಾಹುಕಾರ್ರ, ಬುಟ್ಟಿ ಒಳಗ ಹೋಗಂಗಿಲ್ಲ. ನನ್ನ ಮುಖ ನೋಡಿ ಒಂದು ಮಾತು ಕೇಳ್ಲಾರದ ಆಳಿನ ತಲಿ ಮ್ಯಾಲೆ ಹೊರಿಸಿ ಕಳಸಿದ್ರಿ. ಶಿವರಾತ್ರಿಗೆ ವಿಭೂತಿ ಬೇಕಾದ್ರ ನೀವ ಇಲ್ಲಿ ಬೀದಿಗೆ ಇಳದು ಬಂದು, ಎಲ್ಲಾರಂಗ ಕೈ ಒಡ್ಡಿ ತೊಗೋರಿ. ನೀವೂ ಅಷ್ಟ ಮಾಡ್ರಿ," ಎಂದು ಜನರ ಕಡೆ ತಿರುಗಿದಳು. "ಕಟ್ಟಿ ಮ್ಯಾಲೆ ಇಟ್ಟು ಓಡಿಹೋದವರು ಯಾರ್ಯಾರು ಅಂತ ಗೊತ್ತೈತಿ. ನಿಮ್ಮ ನಿಮ್ಮ ಗಟ್ಟಿ ಇದರಾಗ ಅದಾವು. ಒಬ್ಬೊಬ್ರ ಬಂದು, ನನ್ನ ಕಣ್ಣಾಗ ಕಣ್ಣಿಟ್ಟು ಒಯ್ರಿ."

ಆಕೆ ಅಲ್ಲೇ ಬೀದಿಯ ಧೂಳಿನಲ್ಲಿ ಬುಟ್ಟಿಯ ಮುಂದೆ ಕೂತಳು. ಮೊದಲು ಕರಿಬಸಪ್ಪನವರು ಚಪ್ಪಲಿ ಬಿಟ್ಟು ಕಟ್ಟೆ ಇಳಿದು ಬಂದು, ಬಗ್ಗಿ ಕೈ ಒಡ್ಡಿದರು. ಅವರ ಹಿಂದೆ ಸಾಲು ಬೆಳೆಯಿತು. ಆಕೆ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿಯೇ ಕೊಟ್ಟಳು. ತಲೆ ತಗ್ಗಿಸಿದವರಿಗೆ ತಲೆ ಎತ್ತುವವರೆಗೆ ಕೊಡಲಿಲ್ಲ. ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗುವುದಿಲ್ಲ. ಆಕೆಯ ಸಿಟ್ಟು ಆ ಜಾತಿಯದು. ಮುಂದೆ ಬದುಕಿರುವವರೆಗೂ ಆಕೆ ವಿಭೂತಿಯನ್ನು ಯಾರ ಅಂಗಡಿಯ ಒಳಗೂ ಕಳಿಸಲಿಲ್ಲ, ಬೀದಿಯಲ್ಲಿ ಕೂತೇ ಕೊಟ್ಟಳು.

ಎಲ್ಲರೂ ಒಯ್ದ ಮೇಲೆ ಬುಟ್ಟಿಯ ತಳದಲ್ಲಿ ಒಂದೇ ಗಟ್ಟಿ ಉಳಿಯಿತು. ಅಡಿವೆಯ್ಯ ಮಾಸ್ತರರು ಇನ್ನೂ ಅಲ್ಲೇ ನಿಂತಿದ್ದರು, ಖಾಲಿ ಡಬ್ಬಿ ಹಿಡಿದುಕೊಂಡು. ಹಣೆಯ ಮೂರು ಬರೆಗಳು ಕೆಂಪೋ ಕೆಂಪು. ಮುಖದ ಉಳಿದ ಭಾಗವೂ ಈಗ ಅದೇ ಬಣ್ಣಕ್ಕೆ ಬಂದಿದ್ದರಿಂದ ಬರೆ ಎಲ್ಲಿ, ಮುಖ ಎಲ್ಲಿ ತಿಳಿಯುವಂತಿರಲಿಲ್ಲ. ಗುರುಸಿದ್ದವ್ವ ಕೊನೆಯ ಗಟ್ಟಿಯನ್ನು ಎತ್ತಿಕೊಂಡು ಎದ್ದಳು. ಕುಣಿ ಇರುವ ಬೆನ್ನನ್ನು ಮೇಲೆ ಮಾಡಿ ಅವರ ಮುಂದೆ ಹಿಡಿದಳು.

"ಅಯ್ಯಾರ, ಸುಣ್ಣ ಸುಣ್ಣಾನ ಆತು. ಬೂದಿ ಬೂದೀನ ಆತು. ಈಗ ಈ ಮಂದಿ ಮುಂದ ಬಾಯಿ ಬಿಟ್ಟು ಹೇಳ್ರಿ, ತಪ್ಪು ಯಾರದು?"

ಮಾಸ್ತರರು ಗಟ್ಟಿಯನ್ನು ನೋಡಿದರು. ಅವರ ಹೆಬ್ಬೆರಳು ತಾನಾಗಿ ಹೋಗಿ ಕುಣಿಯಲ್ಲಿ ಕೂತಿತು. ಗಂಟಲು ಸರಿಮಾಡಿಕೊಂಡರು. ಕಣ್ಣು ಒದ್ದೆಯಾದ ಹಾಗೆ ಕಂಡಿತು. ನೀಲಕ್ಕ ಹೇಳುತ್ತಿದ್ದ ತುಪ್ಪ ಈಗ ಕರಗುತ್ತದೆ ಎಂದು ಉಳವಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಆ ಸುಭಾನೀದು," ಎಂದು ಗುಡುಗಿದರು ಮಾಸ್ತರರು. "ಎರಡೂ ಕಿಸೆ ಒಂದ ನಮೂನಿ ಹೊಲದಾನ, ಬದ್ಮಾಷ!"